ಅಮಾವಾಸ್ಯೆಗೇ ಹೊರಡೋಣ

ಹೊಸ ವರ್ಷದ ಕ್ಯಾಲೆಂಡರ್ ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆಯೇ ನಮ್ಮ ಮನೆಗೆ ಬಂತು. ಕಿರಾಣಿ ಅಂಗಡಿಯವರು ಕೊಟ್ಟದ್ದು. ಗೋಡೆಗೆ ತೂಗುಹಾಕುವ ಮೊದಲೇ ನಾನು 2026ರ ಫೆಬ್ರುವರಿ ಹಾಳೆ ತೆರೆದು 17ನೇ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ನನ್ನಾಕೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು ನೋಡಿದಳು.

“ಅದು ಅಮಾವಾಸ್ಯೆ ಕಣ್ರೀ. ಪ್ರಯಾಣಕ್ಕೆ ಬೇರೆ ದಿನ ಸಿಗಲಿಲ್ವಾ ನಿಮಗೆ?”

“ಅಮಾವಾಸ್ಯೆ ಅಂತಲೇ ಸುತ್ತು ಹಾಕಿದ್ದು” ಎಂದೆ.

ಮಕ್ಕಳೇ, ನಮ್ಮ ಕಡೆ ಊರಿಗೆ ಹೊರಡುವವರು ಅಮಾವಾಸ್ಯೆ ಬಿಟ್ಟು ಹೊರಡುತ್ತಾರೆ. ನಾನು ಮಾತ್ರ ಒಂದು ತಿಂಗಳಿಂದ ಪಂಚಾಂಗ ಹಿಡಿದುಕೊಂಡು ಅಮಾವಾಸ್ಯೆಯನ್ನೇ ಹುಡುಕುತ್ತಿದ್ದೇನೆ. ನಾವು ನೋಡಬೇಕೆಂದಿರುವುದು ಕತ್ತಲೆ ಇದ್ದರೆ ಮಾತ್ರ ಚೆನ್ನಾಗಿ ಕಾಣುವ ವಸ್ತು. ಹುಣ್ಣಿಮೆಯ ಬೆಳದಿಂಗಳಿನಲ್ಲಿ ಅದು ಅರ್ಧ ಮಾಸಿಹೋಗುತ್ತದೆ. ಇಂಗ್ಲಿಷಿನವರು ಅದನ್ನು ನಾರ್ದರ್ನ್ ಲೈಟ್ಸ್ ಎನ್ನುತ್ತಾರೆ, ವಿಜ್ಞಾನದ ಪುಸ್ತಕ ಅರೋರಾ ಬೋರಿಯಾಲಿಸ್ ಎನ್ನುತ್ತದೆ, ಕನ್ನಡದಲ್ಲಿ ಧ್ರುವಪ್ರಭೆ. ಉತ್ತರ ಧ್ರುವದ ಹತ್ತಿರದ ಆಕಾಶದಲ್ಲಿ ಹಸಿರು ಸೀರೆಯೊಂದನ್ನು ಯಾರೋ ಕೊಡವುತ್ತಿರುವ ಹಾಗೆ ಕಾಣುವ ಬೆಳಕು.

ಎಪ್ಪತ್ತನಾಲ್ಕರ ಮುದುಕನಿಗೆ, ಅದೂ ಬಿ.ಕಾಂ. ಓದಿ ಜೀವನವಿಡೀ ಲೆಡ್ಜರು ಬರೆದವನಿಗೆ, ಇದರ ಹುಚ್ಚು ಎಲ್ಲಿಂದ ಹಿಡಿಯಿತು? ಅದಕ್ಕೆ 1998ರ ಮಂಗಳೂರಿಗೆ ಹೋಗಬೇಕು. ಆಗ ನಾನು ಅಲ್ಲಿನ ಒಂದು ಶಾಖೆಯಲ್ಲಿ ಗುಮಾಸ್ತ. ಹಡಗುಗಳಲ್ಲಿ ಕೆಲಸ ಮಾಡುವವರು ರಜೆಗೆ ಬಂದಾಗ ಜೇಬಿನಲ್ಲಿ ಉಳಿದ ವಿದೇಶಿ ನೋಟುಗಳನ್ನು ತಂದು ಕೌಂಟರಿನ ಮೇಲೆ ಇಡುತ್ತಿದ್ದರು. ಹಾಗೆ ಒಂದು ದಿನ ಬಂದದ್ದು ನೀಲಿ ಬಣ್ಣದ ನೋಟು, ನಾರ್ವೆ ದೇಶದ 200 ಕ್ರೋನರ್. ಅದರ ಮೇಲೆ ಕನ್ನಡಕ ಹಾಕಿದ ಒಬ್ಬ ಮನುಷ್ಯನ ಮುಖ. ನೋಟಿನ ಮೇಲೆ ರಾಜ ಇರಬೇಕು, ಇಲ್ಲವೇ ದೇಶದ ನಾಯಕ ಇರಬೇಕು ಎಂಬುದು ನನ್ನ ತಿಳಿವಳಿಕೆ. “ಇವನು ಯಾವ ರಾಜ?” ಎಂದು ಕೇಳಿದೆ.

“ರಾಜ ಅಲ್ಲ ಮಾರಾಯ್ರೆ, ವಿಜ್ಞಾನಿ. ಆಕಾಶದಲ್ಲಿ ಹಸಿರು ದೀಪ ಉರಿಯುತ್ತದಲ್ಲ, ಅದು ಯಾಕೆ ಉರಿಯುತ್ತದೆ ಅಂತ ಕಂಡುಹಿಡಿದವ” ಎಂದರು ಅವರು. ಹಿಂದೆ ಸರದಿಯಲ್ಲಿ ಹತ್ತು ಜನ ನಿಂತಿದ್ದರು. ಆದರೂ ಐದು ನಿಮಿಷ ಕೌಂಟರಿಗೆ ಮೊಣಕೈ ಊರಿ, ಹಡಗಿನ ಮೇಲಿಂದ ತಾವು ಕಂಡ ಬೆಳಕಿನ ಕತೆ ಹೇಳಿದರು. ಆ ದಿನ ನನ್ನ ಕ್ಯಾಶ್ ತಾಳೆಯಾಗಲು ಅರ್ಧ ಗಂಟೆ ತಡವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಅದನ್ನೇ ಹೇಳಿದೆ. ನನ್ನಾಕೆ ಸಾರು ಬಡಿಸುತ್ತಾ, “ಒಂದು ಸಲ ಹೋಗಿ ನೋಡ್ಬೇಕಲ್ರೀ” ಎಂದಳು. “ಮುಂದಿನ ವರ್ಷ ನೋಡೋಣ” ಎಂದೆ ನಾನು.

ಆ ನೋಟಿನ ಮೇಲಿದ್ದವರು ಕ್ರಿಸ್ಟಿಯನ್ ಬರ್ಕ್‌ಲ್ಯಾಂಡ್. ನಾರ್ವೆಯ ಉತ್ತರ ತುದಿಯಲ್ಲಿ ಆಲ್ಟಾ ಎಂಬ ಊರಿನ ಹತ್ತಿರ ಹಾಲ್ಡೆ ಎನ್ನುವ ಬೆಟ್ಟವಿದೆ. 1899ರಲ್ಲಿ ಅದರ ನೆತ್ತಿಯ ಮೇಲೆ ಕಲ್ಲಿನ ಕಟ್ಟಡ ಕಟ್ಟಿಸಿ, ಇಡೀ ಚಳಿಗಾಲ ಅಲ್ಲೇ ಕುಳಿತು ಈ ಬೆಳಕನ್ನು ಅಳೆದ ಮನುಷ್ಯ. ಆ ಯಾತ್ರೆಯಲ್ಲಿ ಜೊತೆಗಿದ್ದ ಒಬ್ಬ ತರುಣ ಹಿಮ ಕುಸಿದು ಸತ್ತುಹೋದ. ಬರ್ಕ್‌ಲ್ಯಾಂಡ್ ಬಿಡಲಿಲ್ಲ. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಅಯಸ್ಕಾಂತ ತುಂಬಿದ ಒಂದು ಗೋಲಿಯನ್ನಿಟ್ಟು, ಅದೇ ಭೂಮಿ ಎಂದುಕೊಂಡು, ಅದರತ್ತ ವಿದ್ಯುತ್ ಕಣಗಳನ್ನು ಬಿಟ್ಟರು. ಗೋಲಿಯ ಎರಡೂ ಧ್ರುವಗಳ ಸುತ್ತ ಬಳೆಯ ಹಾಗೆ ಬೆಳಕು ಮೂಡಿತು! ಸೂರ್ಯನಿಂದ ಬರುವ ಕಣಗಳೇ ಕಾರಣ ಎಂದು ಅವರು ಹೇಳಿದ್ದನ್ನು ಬಹಳ ಜನ ನಂಬಲಿಲ್ಲ. ಅವರು 1917ರಲ್ಲಿ ಟೋಕಿಯೋದಲ್ಲಿ ತೀರಿಕೊಂಡರು. ಅವರು ಹೇಳಿದ ವಿದ್ಯುತ್ ಪ್ರವಾಹಗಳು ನಿಜವಾಗಿಯೂ ಇವೆ ಎಂದು ಉಪಗ್ರಹಗಳು ತೋರಿಸುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಆಮೇಲೆ ನೋಟಿನ ಮೇಲೆ ಬಂದರು. ಈಗ ಆ ನೋಟು ಚಲಾವಣೆಯಲ್ಲಿಲ್ಲ. 2017ರಿಂದ ನಾರ್ವೆಯ 200ರ ನೋಟಿನ ಮೇಲೆ ಇರುವುದು ಕಾಡ್ ಎಂಬ ಮೀನು. ವಿಜ್ಞಾನಿ ಹೋಗಿ ಮೀನು ಬಂದದ್ದು ನನಗೇನೂ ಸರಿಕಾಣಲಿಲ್ಲ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಆಮೇಲಿನ ವರ್ಷಗಳ ಕತೆಯನ್ನು ಅಜ್ಜ ಅಜ್ಜಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಮಗನ ಓದು, ತಂಗಿಯ ಮಗಳ ಮದುವೆ, 2011ರಲ್ಲಿ ನಿವೃತ್ತಿ, ಶಿವಮೊಗ್ಗದಲ್ಲಿ ಮನೆ, ಆಮೇಲೆ ಕೊರೊನಾ. ಅವಧಿ ಮುಗಿದ ಠೇವಣಿಯನ್ನು ಮತ್ತೆ ಒಂದು ವರ್ಷಕ್ಕೆ ನವೀಕರಿಸುತ್ತಾರಲ್ಲ, ಹಾಗೆ “ಮುಂದಿನ ವರ್ಷ”ವನ್ನು ಇಪ್ಪತ್ತೇಳು ಸಲ ನವೀಕರಿಸಿದೆ. ಬಡ್ಡಿ ಮಾತ್ರ ಬರಲಿಲ್ಲ.

ಈ ಸಲ ಯೋಜನೆಗೆ ಜೀವ ಬಂದದ್ದು ಮೊಮ್ಮಗಳು ಪುಟ್ಟಿಯಿಂದ. ಆರನೇ ತರಗತಿ, ಹನ್ನೊಂದು ವರ್ಷ. ನನ್ನ ಹಳೆಯ ಡೈರಿಯಲ್ಲಿ ‘ನಾರ್ವೆ’ ಎಂದು ಬರೆದದ್ದನ್ನು ನೋಡಿ ಹಿಡಿದುಕೊಂಡಳು. ವಿಜ್ಞಾನ ಅವಳು ನನಗೆ ಹೇಳಿಕೊಟ್ಟಳು, ಲೆಕ್ಕ ನಾನು ಅವಳಿಗೆ ಹೇಳಿಕೊಟ್ಟೆ.

ಸೂರ್ಯನಿಂದ ಬೆಳಕು ಬರುವ ಹಾಗೆ ವಿದ್ಯುತ್ ತುಂಬಿದ ಸಣ್ಣ ಸಣ್ಣ ಕಣಗಳೂ ಎಲ್ಲ ದಿಕ್ಕಿಗೂ ಹಾರುತ್ತಿರುತ್ತವೆ. ಅದಕ್ಕೆ ಸೌರಮಾರುತ ಎನ್ನುತ್ತಾರೆ. ಸಾಮಾನ್ಯ ದಿನಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಹಾಗಾದರೆ ಇಲ್ಲಿಗೆ ಬರಲು ಎಷ್ಟು ದಿನ? ಪುಟ್ಟಿ ಭಾಗಾಕಾರ ಮಾಡಿ ನಾಲ್ಕು ದಿನಕ್ಕಿಂತ ಸ್ವಲ್ಪ ಹೆಚ್ಚು ಎಂದಳು. ಸರಿಯಾಗಿತ್ತು. ಬೆಳಕಿಗೆ ಎಂಟು ನಿಮಿಷ ಚಿಲ್ಲರೆ ಸಾಕು. ಕಣಗಳು ಪ್ಯಾಸೆಂಜರ್ ರೈಲು.

ಅವು ನೇರವಾಗಿ ನಮ್ಮ ತಲೆಯ ಮೇಲೆ ಬೀಳುವುದಿಲ್ಲ. ಭೂಮಿ ಒಂದು ದೊಡ್ಡ ಅಯಸ್ಕಾಂತ ತಾನೇ? ಅದರ ಕಾಂತಕ್ಷೇತ್ರ ಕಣಗಳನ್ನು ತಡೆದು ಬದಿಗೆ ತಳ್ಳುತ್ತದೆ. ಒಂದಿಷ್ಟು ಮಾತ್ರ ಭೂಮಿಯ ಹಿಂದಿನ, ಅಂದರೆ ರಾತ್ರಿಯ ಕಡೆಯ ಕಾಂತಬಾಲದಲ್ಲಿ ಸಿಕ್ಕಿಕೊಂಡು, ಅಲ್ಲಿ ವೇಗ ಪಡೆದು, ಧ್ರುವಗಳ ಸುತ್ತಲಿನ ಬಳೆಯಂಥ ಪಟ್ಟಿಗೆ ಇಳಿಯುತ್ತವೆ. ಚೆಕ್ಕು ಕೌಂಟರಿಗೆ ಕೊಟ್ಟ ಕೂಡಲೇ ಹಣ ಬರುವುದಿಲ್ಲ, ಕ್ಲಿಯರಿಂಗಿಗೆ ಹೋಗಿ ಸುತ್ತಿ ಬರುತ್ತದಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಪುಟ್ಟಿಗೆ ಚೆಕ್ಕು ಎಂದರೇನು ಎಂದೇ ಗೊತ್ತಿಲ್ಲ. ಅದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಹೀಗೆ ಇಳಿದ ಕಣಗಳು ನೂರು ಕಿಲೋಮೀಟರಿಗೂ ಮೇಲಿನ ತೆಳು ಗಾಳಿಗೆ ಬಡಿದಾಗ ಗಾಳಿ ಹೊಳೆಯುತ್ತದೆ. ಆಮ್ಲಜನಕವಾದರೆ ಹಸಿರು, ಇನ್ನೂ ಬಹಳ ಮೇಲೆ ಅದೇ ಆಮ್ಲಜನಕ ಕೆಂಪು, ಕೆಳ ಅಂಚಿನಲ್ಲಿ ಸಾರಜನಕದ ನೇರಳೆ.

ಸೂರ್ಯನ ಆರ್ಭಟ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ. ಈ ಸುತ್ತಿನ ಉತ್ತುಂಗಕ್ಕೆ ಸೂರ್ಯ ತಲುಪಿದ್ದಾನೆ ಎಂದು 2024ರ ಅಕ್ಟೋಬರಿನಲ್ಲಿ ನಾಸಾದವರು ಪ್ರಕಟಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಸೌರ ಬಿರುಗಾಳಿ ಎಷ್ಟು ಜೋರಾಗಿತ್ತೆಂದರೆ ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ವೀಕ್ಷಣಾಲಯದ ಕ್ಯಾಮೆರಾಗಳಲ್ಲೇ ಆಕಾಶದ ಅಂಚು ಕೆಂಪಾಗಿ ಕಂಡಿತು. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಇನ್ನೂ ಹಿಂದೆ, 1872ರ ಫೆಬ್ರುವರಿ 4ರ ರಾತ್ರಿ, ಮುಂಬಯಿಯಿಂದಲೇ ಧ್ರುವಪ್ರಭೆ ಕಂಡಿತ್ತೆಂದು ದಾಖಲೆಯಿದೆ. “ಹಾಗಾದ್ರೆ ಶಿವಮೊಗ್ಗಕ್ಕೇ ಬರ್ಲಿ, ಕಾಯೋಣ” ಎಂದ ನನ್ನ ಮಗ. ಖರ್ಚಿನ ಲೆಕ್ಕ ಆಗಲೇ ಅವನ ಕಿವಿಗೆ ಬಿದ್ದಿತ್ತು.

ಎಲ್ಲಿಗೆ ಹೋಗುವುದು ಎಂಬುದು ದೊಡ್ಡ ಪ್ರಶ್ನೆ. ಫಿನ್ಲೆಂಡಿನ ರೊವಾನಿಯೆಮಿ, ಸ್ವೀಡನ್ನಿನ ಅಬಿಸ್ಕೊ, ನಾರ್ವೆಯ ಟ್ರೊಮ್ಸೊ. ಮೂರನ್ನೂ ಒಂದು ಹಾಳೆಯಲ್ಲಿ ಡೆಬಿಟ್, ಕ್ರೆಡಿಟ್ ಹಾಕಿ ಬರೆದೆ. ಟ್ರೊಮ್ಸೊ ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ, ನಾನು ಹೇಳಿದ ಆ ಬಳೆಯ ನೇರ ಕೆಳಗೆ. ಅಲ್ಲಿ ಬೆಳಕು ಕಾಣಲು ಸೂರ್ಯನಿಗೆ ಮಹಾ ಸಿಟ್ಟು ಬರಬೇಕೆಂದೇನಿಲ್ಲ. ಕಾಂತ ಚಟುವಟಿಕೆಯನ್ನು ಸೊನ್ನೆಯಿಂದ ಒಂಬತ್ತರವರೆಗಿನ ಕೆಪಿ ಅಂಕಿಯಲ್ಲಿ ಅಳೆಯುತ್ತಾರೆ. ಅಲ್ಲಿ ಎರಡಿದ್ದರೂ ಸಾಕು. ಅಟ್ಲಾಂಟಿಕಿನ ಬೆಚ್ಚನೆಯ ಪ್ರವಾಹ ಹತ್ತಿರ ಹರಿಯುವುದರಿಂದ ಸಮುದ್ರ ಹೆಪ್ಪುಗಟ್ಟುವುದಿಲ್ಲ. ಫೆಬ್ರುವರಿಯ ಸರಾಸರಿ ಚಳಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಅಷ್ಟೆ. ವಯಸ್ಸಾದವರಿಗೆ ಇದು ಕ್ರೆಡಿಟ್. ಆದರೆ ಅದೇ ಸಮುದ್ರದಿಂದ ಮೋಡ ಬರುತ್ತದೆ. ಅದು ಡೆಬಿಟ್.

ಅಬಿಸ್ಕೊ ಇರುವುದು ಬೆಟ್ಟಗಳ ಆಚೆ ಬದಿಯಲ್ಲಿ. ಮೋಡಗಳು ನಾರ್ವೆಯ ಬೆಟ್ಟಗಳಿಗೆ ಬಡಿದು ಅಲ್ಲೇ ಸುರಿದು ಮುಗಿಯುವುದರಿಂದ ಅಬಿಸ್ಕೊದ ಆಕಾಶ ಹೆಚ್ಚು ದಿನ ತೆರೆದಿರುತ್ತದೆ. ಶಿವಮೊಗ್ಗದ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಆಗುಂಬೆಯಲ್ಲಿ ಧೋ ಎಂದು ಸುರಿಯುತ್ತಿರುವಾಗ ಘಟ್ಟದಿಂದ ಮೂಡಲಿಗಿರುವ ಚಿತ್ರದುರ್ಗದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಟ್ರೊಮ್ಸೊ ಆಗುಂಬೆ, ಅಬಿಸ್ಕೊ ಚಿತ್ರದುರ್ಗ.

ಆಗುಂಬೆ ಎಂದ ಕೂಡಲೇ ನನ್ನಾಕೆ ನಕ್ಕಳು. ಮದುವೆಯಾದ ಹೊಸತರಲ್ಲಿ ಅವಳಿಗೆ ಅಲ್ಲಿನ ಸೂರ್ಯಾಸ್ತ ತೋರಿಸುತ್ತೇನೆಂದು ಮೂರು ಸಲ ಕರೆದೊಯ್ದಿದ್ದೆ. ಮೂರು ಸಲವೂ ಮಂಜು. ಮೂರನೆಯ ಸಲ ಕಟ್ಟೆಯ ಮೇಲೆ ಕುಳಿತು ಚುರುಮುರಿ ತಿಂದು ಬಂದೆವು. “ಆಗುಂಬೇಲಾದ್ರೆ ಬಸ್ ಚಾರ್ಜು ಹೋಯ್ತು ಅಷ್ಟೆ. ಇದು ಹಾಗಲ್ಲ” ಎಂದಳು.

ಅವಳ ಮಾತಿನಲ್ಲಿ ಲೆಕ್ಕವಿತ್ತು. ಪುಟ್ಟಿಯನ್ನು ಕೂರಿಸಿಕೊಂಡು ನಾನೂ ಒಂದು ಲೆಕ್ಕ ಹಾಕಿದೆ. ಒಂದು ರಾತ್ರಿ ಬೆಳಕು ಕಾಣುವ ಸಾಧ್ಯತೆ ಅರ್ಧ, ಕಾಣದಿರುವ ಸಾಧ್ಯತೆ ಅರ್ಧ ಎಂದಿಟ್ಟುಕೊಳ್ಳೋಣ. ಎರಡು ರಾತ್ರಿಯೂ ಕಾಣದಿರುವ ಸಾಧ್ಯತೆ ಅರ್ಧದ ಅರ್ಧ, ಕಾಲು. ಮೂರು ರಾತ್ರಿಗೆ ಎಂಟರಲ್ಲಿ ಒಂದು. ಐದು ರಾತ್ರಿ ಇದ್ದರೆ ಮೂವತ್ತೆರಡರಲ್ಲಿ ಒಂದು. ಹಾಗಾಗಿ ಐದು ರಾತ್ರಿ ಎಂದು ನಿಶ್ಚಯಿಸಿದೆ. ಕಾಗದದ ಮೇಲಿನ ಲೆಕ್ಕ ಇದು. ಮೋಡ ಕವಿದರೆ ನಾಲ್ಕು ದಿನ ಕದಲದೆಯೂ ಇರಬಹುದು, ಅದಕ್ಕೆ ನಮ್ಮ ಭಿನ್ನರಾಶಿ ಗೊತ್ತಿಲ್ಲ. ಅದಕ್ಕೇ ಟ್ರೊಮ್ಸೊದಲ್ಲಿ ರಾತ್ರಿ ಬಸ್ಸುಗಳಿವೆ. ಹವಾಮಾನ ನೋಡಿಕೊಂಡು ಆಕಾಶ ಎಲ್ಲಿ ತೆರೆದಿದೆಯೋ ಅಲ್ಲಿಗೆ ಕರೆದೊಯ್ಯುತ್ತಾರೆ. ಕೆಲವು ರಾತ್ರಿ ಫಿನ್ಲೆಂಡಿನ ಗಡಿಯವರೆಗೂ ಓಡಿಸುತ್ತಾರಂತೆ. ಅಂದರೆ ಆಗುಂಬೆಯಲ್ಲಿ ಇದ್ದುಕೊಂಡೇ ಚಿತ್ರದುರ್ಗಕ್ಕೆ ಹೋಗಿ ಬರುವ ವ್ಯವಸ್ಥೆ. ಟ್ರೊಮ್ಸೊ ಗೆದ್ದಿತು.

ಯಾವಾಗ ಎಂಬುದಕ್ಕೂ ಒಂದು ಜಗಳ ನಡೆಯಿತು. ಪುಟ್ಟಿಗೆ ಕ್ರಿಸ್‌ಮಸ್ ರಜೆಯಲ್ಲೇ ಹೋಗಬೇಕು. ಆದರೆ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನ ಒಂದಿಷ್ಟು ನೀಲಿ ಮಬ್ಬು, ಮತ್ತೆ ರಾತ್ರಿ. ಜಾರುವ ಹಿಮದ ಮೇಲೆ ಹಗಲಿಲ್ಲದೆ ನಡೆಯುವುದು ನಮ್ಮಿಬ್ಬರಿಗೆ ಆಗದ ಮಾತು. ಸುತ್ತ ಬೆಟ್ಟಗಳಿರುವುದರಿಂದ ಊರಿಗೆ ಸೂರ್ಯನ ಮುಖ ಕಾಣುವುದು ಜನವರಿ 21ರ ಹೊತ್ತಿಗೆ. ಅಂದು ಊರಿನವರೆಲ್ಲ ಒಳಗೆ ಜಾಮ್ ತುಂಬಿದ ‘ಸೂರ್ಯನ ಬನ್ನು’ ತಿಂದು ಹಬ್ಬ ಮಾಡುತ್ತಾರೆ. ಫೆಬ್ರುವರಿ ಮಧ್ಯಕ್ಕೆ ಹಗಲು ಏಳು ಗಂಟೆಯಷ್ಟಿರುತ್ತದೆ, ರಾತ್ರಿಯೂ ಬೇಕಾದಷ್ಟು. ಫೆಬ್ರುವರಿ 15 ಶಿವರಾತ್ರಿ, 17 ಅಮಾವಾಸ್ಯೆ. 12ರ ರಾತ್ರಿ ಬೆಂಗಳೂರು ಬಿಟ್ಟು, ಓಸ್ಲೋದಲ್ಲಿ ಇಳಿದು, ಅಲ್ಲಿಂದ ಎರಡು ಗಂಟೆಯ ಇನ್ನೊಂದು ವಿಮಾನ. ಶಿವರಾತ್ರಿಯ ಜಾಗರಣೆ ಟ್ರೊಮ್ಸೊದಲ್ಲಿ. ಇದನ್ನು ಕೇಳಿದ ಮೇಲೆಯೇ ನನ್ನಾಕೆ ಅಮಾವಾಸ್ಯೆಯ ವಿಷಯ ಬಿಟ್ಟಳು.

ವೀಸಾ ಕೆಲಸ ನನಗೆ ಇಷ್ಟದ ಕೆಲಸ, ಫಾರಂ ತುಂಬುವುದಲ್ಲವೇ. ಶೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಒಳಗೆ ಅರ್ಜಿ ಹಾಕಬಹುದು, ಹದಿನೈದು ದಿನ ಮೊದಲಾದರೂ ಹಾಕಲೇಬೇಕು. ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಹನ್ನೆರಡು ತುಂಬದವರ ಬೆರಳಚ್ಚು ತೆಗೆಯುವುದಿಲ್ಲ ಎಂದು ತಿಳಿದು ಪುಟ್ಟಿಗೆ ಬಹಳ ಬೇಸರವಾಯಿತು. ತನ್ನ ಬೆರಳೂ ಬೆರಳೇ ಎಂದು ವಾದಿಸಿದಳು. ಇನ್ನು ಹಾಲಿನಿಂದ ಮಾಡಿದ ಪದಾರ್ಥಗಳನ್ನು ನಮ್ಮ ದೇಶದಿಂದ ನಾರ್ವೆಗೆ ಒಯ್ಯುವಂತಿಲ್ಲ. ತುಪ್ಪದ ಬಾಟಲಿ, ಪೇಡ ಎರಡೂ ಪಟ್ಟಿಯಿಂದ ಹೊರಗೆ. “ತುಪ್ಪಕ್ಕೂ ಕಸ್ಟಮ್ಸಾ?” ಎಂದು ನನ್ನಾಕೆ ಸೊಸೆಯ ಮುಖ ನೋಡಿದಳು. ಅವಲಕ್ಕಿ, ಚಟ್ನಿಪುಡಿ ಉಳಿದುಕೊಂಡಿವೆ.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು. ಮೈಗೆ ಅಂಟುವ ಒಳಬಟ್ಟೆ ಹತ್ತಿಯದಾಗಿರಬಾರದು. ಬೆವರು ಹೀರಿದ ಹತ್ತಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ಉಣ್ಣೆಯೇ ಬೇಕು. ಕೈಗೆ ಐದು ಬೆರಳಿನ ಗವಸಿಗಿಂತ ಬೆರಳೆಲ್ಲ ಒಟ್ಟಿಗೆ ಇರುವ ಚೀಲದಂಥ ಗವಸು ಬೆಚ್ಚಗೆ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ, ನಮ್ಮ ವಯಸ್ಸಿನವರು ಉಳಿದದ್ದೆಲ್ಲ ಮರೆತರೂ ಅದನ್ನು ಮರೆಯಬಾರದು. ಚಳಿ ಕೊಟ್ಟು ಕಳುಹಿಸುತ್ತದೆ, ಬಿದ್ದ ಸೊಂಟ ಕಳುಹಿಸುವುದಿಲ್ಲ.

ಇಷ್ಟೆಲ್ಲ ಆಗಿ ಮೂವರಿಗೆ ನನ್ನ ಅಂದಾಜು ಆರೂವರೆ ಲಕ್ಷ ದಾಟಿತು. ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಲೆಂದು ಇಟ್ಟಿದ್ದ ಠೇವಣಿ ಅಷ್ಟೇ ಇದೆ. ಮಗ ಒಂದು ರಾತ್ರಿ ನನ್ನ ಹತ್ತಿರ ಕುಳಿತು ಮೆಲ್ಲಗೆ ಹೇಳಿದ, “ಅಪ್ಪ, ದುಡ್ಡು ನಿನ್ದು, ನಾನು ಬೇಡ ಅನ್ನಲ್ಲ. ಆದ್ರೆ ಅಷ್ಟು ದೂರ ಹೋಗಿ ಅಮ್ಮನಿಗೆ ಕಾಣ್ದೆ ಹೋದ್ರೆ?”

ಅವನು ಮೋಡದ ವಿಷಯ ಹೇಳಲಿಲ್ಲ.

ನನ್ನಾಕೆಗೆ ಗ್ಲಾಕೋಮಾ ಇದೆ. ನಾಲ್ಕು ವರ್ಷದ ಹಿಂದೆ ಅವಳು ಆಗಾಗ ಎಡಗಡೆಯ ಬಾಗಿಲ ಚೌಕಟ್ಟಿಗೆ ತೋಳು ತಾಗಿಸಿಕೊಳ್ಳುತ್ತಿದ್ದಳು. “ನೋಡಿಕೊಂಡು ನಡೆಯಬಾರದಾ?” ಎಂದು ನಾನು ಗದರುತ್ತಿದ್ದೆ. ಒಂದು ವರ್ಷ ಗದರಿದೆ. ಎದುರಿಗಿರುವುದೆಲ್ಲ ಚೆನ್ನಾಗಿ ಕಾಣುತ್ತಿದ್ದುದರಿಂದ ಅವಳಿಗೂ ಗೊತ್ತಾಗಲಿಲ್ಲ. ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ಡಾಕ್ಟರು ಒತ್ತಡ ಅಳೆದು ನೋಡಿ ಹೇಳಿದರು. ಈ ಕಾಯಿಲೆಯಲ್ಲಿ ನೋಟ ಬದಿಯಿಂದ ಕರಗುತ್ತಾ ಬರುತ್ತದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ, ದಿನವೂ ಹನಿ ಹಾಕಿದರೆ ಇರುವುದನ್ನು ಉಳಿಸಿಕೊಳ್ಳಬಹುದು. ಆ ಒಂದು ವರ್ಷದಲ್ಲಿ ಎಷ್ಟು ಹೋಯಿತೋ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಹನಿ ಹಾಕುವುದು ನನ್ನ ಕೆಲಸ. ಈ ಮೂರು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿಲ್ಲ.

ಧ್ರುವಪ್ರಭೆಯ ಬಗ್ಗೆ ಓದುತ್ತಾ ಹೋದಂತೆ ಇನ್ನೊಂದು ಸಂಗತಿ ತಿಳಿಯಿತು. ಚಿತ್ರಗಳಲ್ಲಿ ಕಾಣುವ ಹಸಿರು ಕಣ್ಣಿಗೆ ಯಾವಾಗಲೂ ಹಾಗೇ ಕಾಣುವುದಿಲ್ಲ. ಕ್ಯಾಮೆರಾ ಹಲವು ಸೆಕೆಂಡು ಬಾಯಿ ತೆರೆದುಕೊಂಡು ಬೆಳಕು ಕುಡಿಯುತ್ತದೆ, ಕಣ್ಣಿಗೆ ಹಾಗೆ ಬರುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳಿಗೆ ಒಳ್ಳೆಯ ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ರಾಡ್ ಕೋಶಗಳಿಗೆ ಬಣ್ಣ ತಿಳಿಯದು. ಅದಕ್ಕೇ ಮಂದವಾದ ಧ್ರುವಪ್ರಭೆ ಬರಿಗಣ್ಣಿಗೆ ತೆಳು ಬಿಳಿ ಮೋಡದ ಹಾಗೆ ಕಾಣುತ್ತದೆ. ಜೋರಾಗಿ ಕುಣಿಯಲು ತೊಡಗಿದಾಗ ಮಾತ್ರ ಹಸಿರು ಎದ್ದು ಕಾಣುತ್ತದೆ. ವಯಸ್ಸಾದಂತೆ ಕತ್ತಲಲ್ಲಿ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗುವುದೂ ಇಲ್ಲ. ಇದನ್ನು ಓದಿದ ಮೇಲೆ ಎರಡು ದಿನ ಪ್ರವಾಸದ ಹಾಳೆಗಳನ್ನು ಡ್ರಾಯರಿನಲ್ಲಿ ಇಟ್ಟುಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಪುಟ್ಟಿ ಡ್ರಾಯರು ತೆಗೆಯದೆ ಇರುತ್ತಾಳೆಯೇ?

ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಪುಟ್ಟಿ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಎಣಿಸುತ್ತಾ ತಾರಸಿಗೆ ಕರೆದೊಯ್ದಳು. ನಾನು ಹಿಂದೆ ಹೋದೆ. ಫೋನ್ ನೋಡಬಾರದು, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು ಎಂದು ನಮ್ಮಿಬ್ಬರನ್ನೂ ಕತ್ತಲಲ್ಲಿ ಕೂರಿಸಿದಳು. ಆಮೇಲೆ ಮೂಡಲ ಆಕಾಶದಲ್ಲಿ ಕೃತ್ತಿಕೆಯನ್ನು ತೋರಿಸಿ, ಎಷ್ಟು ನಕ್ಷತ್ರ ಕಾಣುತ್ತದೆ ಹೇಳಿ ಎಂದಳು. ಅವಳಿಗೆ ಏಳು ಕಂಡವು. ಪೊರೆ ತೆಗೆಸಿಕೊಂಡ ನನ್ನ ಕಣ್ಣಿಗೆ ಐದು. ಅಜ್ಜಿ ಬಹಳ ಹೊತ್ತು ನೋಡಿದಳು.

“ನಕ್ಷತ್ರ ಅಂತ ಬಿಡಿಬಿಡಿಯಾಗಿ ಕಾಣಲ್ಲ ಪುಟ್ಟಿ. ಬೆರಳಲ್ಲಿ ವಿಭೂತಿ ಒರೆಸಿದ ಹಾಗೆ ಒಂದು ಗುರುತು ಕಾಣುತ್ತೆ.”

ನಾನು ಏನೂ ಹೇಳಲಿಲ್ಲ. ಪುಟ್ಟಿ ಮಾತ್ರ ಕುಣಿದಳು. “ಅಜ್ಜಿ, ಅರೋರಾನೂ ಮೊದ್ಲು ಹಾಗೇ ಕಾಣೋದಂತೆ! ವಿಭೂತಿ ಒರೆಸಿದ ಹಾಗೆ. ಅಜ್ಜನ ಹಾಳೇಲಿ ಬರ್ದಿದೆ. ಗೊತ್ತಿಲ್ದೋರು ಮೋಡ ಅಂತ ಬಿಟ್ಟುಬಿಡ್ತಾರೆ. ನಿಂಗೆ ಗೊತ್ತಾಗುತ್ತೆ.”

“ಹಾಳೆಗಳನ್ನ ಡ್ರಾಯರಿನಲ್ಲಿ ಯಾಕೆ ಇಟ್ರಿ?” ಎಂದು ನನ್ನಾಕೆ ನನ್ನತ್ತ ತಿರುಗಿದಳು. ಕತ್ತಲಿದ್ದುದು ಒಳ್ಳೆಯದಾಯಿತು. “ಪೂರ್ತಿ ಕಾಣ್ದಿದ್ರೆ ನೀವಿಬ್ರೂ ಹೇಳಿ, ಕೇಳಿಸ್ಕೋತೀನಿ. ಆಗುಂಬೇಲಿ ಮೂರು ಸಲ ನಾನೇನು ಕಂಡಿದ್ದೆ?”

ಮರುದಿನ ಡಾಕ್ಟರ ಹತ್ತಿರ ಹೋದೆವು. ಬಣ್ಣ ಎಷ್ಟು ಕಾಣುತ್ತದೆಂದು ತಾವು ಮಾತು ಕೊಡಲಾರೆವು, ಆದರೆ ನಡುವಿನ ನೋಟ ಚೆನ್ನಾಗಿದೆ, ಹೋಗಿ ಬನ್ನಿ ಎಂದರು. ಎರಡು ಷರತ್ತು. ಹನಿ ತಪ್ಪಬಾರದು, ಔಷಧ ಕೈಚೀಲದಲ್ಲೇ ಇರಬೇಕು. ಕತ್ತಲಲ್ಲಿ ಹಿಮದ ಮೇಲೆ ನಡೆಯುವಾಗ ಅವರ ಎಡಗಡೆ ಯಾರಾದರೂ ಗಟ್ಟಿಯಾದವರು ಕೈ ಹಿಡಿದಿರಬೇಕು. ಗಟ್ಟಿಯಾದವರು ಎನ್ನುವಾಗ ಅವರು ನನ್ನತ್ತ ನೋಡಲಿಲ್ಲ. ಮನೆಗೆ ಬಂದು ಹೇಳಿದಾಗ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೆಬ್ರುವರಿಯಲ್ಲಿ ನನಗೆ ಎಂಟು ದಿನ ರಜೆ ಸಿಗಬಹುದು, ನನ್ನ ಟಿಕೆಟ್ ನಾನು ತಗೋತೀನಿ” ಎಂದ. ಸೊಸೆ ಮಾತ್ರ ತನಗೆ ಚಳಿಯೂ ಬೇಡ, ನಾರ್ವೆಯೂ ಬೇಡ, ಹತ್ತು ದಿನ ಅಡುಗೆ ಮನೆಗೆ ಬೀಗ ಹಾಕಿ ತವರಿಗೆ ಹೋಗುತ್ತೇನೆ ಎಂದು ಎಲ್ಲರಿಗಿಂತ ಹೆಚ್ಚು ಸಂಭ್ರಮದಲ್ಲಿದ್ದಾಳೆ.

ಈಗ ಪುಟ್ಟಿ ಅಲ್ಲಿನ ಕತೆಗಳನ್ನು ಹುಡುಕುತ್ತಿದ್ದಾಳೆ. ಫಿನ್ಲೆಂಡಿನವರ ಭಾಷೆಯಲ್ಲಿ ಧ್ರುವಪ್ರಭೆಗೆ ‘ನರಿಯ ಬೆಂಕಿ’ ಎಂಬ ಹೆಸರು. ನರಿಯೊಂದು ಓಡುವಾಗ ಬಾಲದಿಂದ ಹಿಮ ಗುಡಿಸಿದ ಕಿಡಿ ಅದು ಎಂದು ಹಿಂದಿನವರ ಕತೆ. ಆ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನ, ಆ ಬೆಳಕಿನ ಕೆಳಗೆ ಸೀಟಿ ಹೊಡೆಯಬಾರದು, ಹೊಡೆದರೆ ಅದು ಇಳಿದು ಬಂದು ಎತ್ತಿಕೊಂಡು ಹೋಗುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಿದ್ದರಂತೆ. ರಾತ್ರಿ ಸೀಟಿ ಹೊಡೆದರೆ ಹಾವು ಬರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅಷ್ಟು ದೂರದ ಅಜ್ಜಿಯರೂ ಇದೇ ಕೆಲಸ ಮಾಡಿದ್ದಾರೆ. ಪುಟ್ಟಿ ಸೀಟಿ ಹೊಡೆಯುವುದನ್ನು ಈಗ ಕಲಿಯುತ್ತಿದ್ದಾಳೆ, ಯಾಕೆಂದು ಕೇಳಬೇಡಿ.

ಮೊನ್ನೆ ರಾತ್ರಿ ಒಂಬತ್ತಕ್ಕೆ ನಾನು ಹನಿ ಹಾಕುತ್ತಿರುವಾಗ ಅವಳು ಒಂದು ಹಾಳೆ ತಂದು ಗೋಡೆಗೆ ಅಂಟಿಸಿದಳು. ನಾರ್ವೆಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿನ ರಾತ್ರಿ ಒಂಬತ್ತು ಎಂದರೆ ಅಲ್ಲಿ ಸಂಜೆ ನಾಲ್ಕೂವರೆ. ಇಲ್ಲಿನ ಬೆಳಿಗ್ಗೆ ಒಂಬತ್ತು ಎಂದರೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಎರಡೂ ಗಡಿಯಾರ ಬರೆದು, ಪಕ್ಕದಲ್ಲಿ ಒಂದೊಂದು ಹನಿಯ 그림ದಂತೆ ನೀಲಿ ಬಣ್ಣ ಬಳಿದಿದ್ದಳು.

ನನ್ನಾಕೆ ಕಣ್ಣು ಮುಚ್ಚಿಕೊಂಡೇ ಕೇಳಿದಳು, “ಬೆಳಗಿನ ಜಾವ ನಾಲ್ಕೂವರೆಗೆ ಯಾರು ಎದ್ದಿರ್ತಾರೆ ಪುಟ್ಟಿ?”

“ಏಳೋದು ಯಾಕಜ್ಜಿ, ಮಲಗಿದ್ರೆ ತಾನೇ?”